ಕ್ಲಾರಿನೆಟ್ ಬಿಟ್ಟು ಉಳಿದವರೆಲ್ಲ ಸುಮ್ಮನಿರಿ

ನನಗೆ ಹದಿನೇಳು ವರ್ಷ. ಈ ವಯಸ್ಸಿಗೇ ಮನುಷ್ಯರ ಮೇಲೆ ನಂಬಿಕೆ ಕಳೆದುಕೊಳ್ಳಬಾರದು ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಹೇಳುವವರಲ್ಲಿ ಒಬ್ಬರಾದರೂ ನಮ್ಮ ಅಜ್ಜಿಯ ಮುಂದೆ ಹಾರ್ಮೋನಿಯಂ ಇಟ್ಟು, 'ಇಲ್ಲಿ ಮೂವತ್ತೆರಡು ಸೆಕೆಂಡ್ ನುಡಿಸಬೇಡಿ' ಎಂದು ಬರೆದುಕೊಟ್ಟು ನೋಡಿದವರಲ್ಲ. ನಾನು ನೋಡಿದ್ದೇನೆ. ಮೂವತ್ತೆರಡು ಸೆಕೆಂಡ್ ಎಂದರೆ ಎಷ್ಟು ಮಹಾ? ನಮ್ಮ ಅಪ್ಪ ಫ್ರಿಜ್ಜಿನ ಬಾಗಿಲು ತೆರೆದು, ತಾನು ಯಾಕೆ ತೆರೆದೆ ಎಂದು ಜ್ಞಾಪಿಸಿಕೊಳ್ಳುತ್ತ ನಿಲ್ಲುವುದೇ ಅದಕ್ಕಿಂತ ಹೆಚ್ಚು ಹೊತ್ತು. ಅಷ್ಟು ಸಣ್ಣ ಅವಧಿಯಲ್ಲಿ ಮೂರು ಜನ, ಅದರಲ್ಲಿ ಇಬ್ಬರು ನನ್ನ ಮೂರು ನಾಲ್ಕು ಪಟ್ಟು ವಯಸ್ಸಿನವರು, ಕೈಕಟ್ಟಿ ಕೂರಬೇಕಿತ್ತು. ಏನನ್ನೂ ಮಾಡಬೇಕಿರಲಿಲ್ಲ. ಏನನ್ನೂ ಮಾಡದೆ ಇರುವುದನ್ನು ಮಾಡಲು ಬಾರದ ಜನರ ಜೊತೆ ನಾನು ಮೂರು ಭಾನುವಾರ ಕಳೆದಿದ್ದೇನೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಆದ್ದರಿಂದ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ.

ಮೊದಲು ನನ್ನ ಬಗ್ಗೆ. ನಾನು ಪ್ರತಿಭಾವಂತೆ. ಇದನ್ನು ಜಂಬ ಎಂದು ತಿಳಿಯಬೇಡಿ. ಆಸ್ಪತ್ರೆಯಲ್ಲಿ ರಕ್ತದ ಗುಂಪು ಕೇಳಿದರೆ ಹೇಳುತ್ತೇವಲ್ಲ, ಹಾಗೆ ಮಾಹಿತಿಗಾಗಿ ತಿಳಿಸುತ್ತಿದ್ದೇನೆ. ಬಸವೇಶ್ವರನಗರದ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಪಿಯಾನೊ ಇದೆ. ಕಾಲೇಜಿನಲ್ಲಿ ನಾನು ಹಾಗೇ ಹೇಳಿರುವುದು. ನಿಜ ಹೇಳಬೇಕೆಂದರೆ ಅದು ಕೀಬೋರ್ಡ್, ಅದರ ಸ್ಟ್ಯಾಂಡ್‌ನ ಒಂದು ಕಾಲಿನ ಕೆಳಗೆ ಹಳೆಯ ಗಣಿತದ ಗೈಡ್ ಇದೆ. ಆದರೆ ಅದಕ್ಕೆ ಪೆಡಲ್ ಇದೆ. ಆ ಪೆಡಲ್ಲನ್ನು ಕಾಲಿನಲ್ಲಿ ಒತ್ತಿ ಹಿಡಿದರೆ ಬೆರಳು ಎತ್ತಿದ ಮೇಲೂ ಸ್ವರ ನಿಲ್ಲದೆ ಮೊಳಗುತ್ತಿರುತ್ತದೆ. ಸ್ವಲ್ಪ ತಪ್ಪು ನುಡಿಸಿದರೂ ಆ ಮೊಳಗಿನಲ್ಲಿ ಮುಚ್ಚಿಹೋಗುತ್ತದೆ. ನನ್ನ ಸಂಗೀತ ಜೀವನದ ಅರ್ಧ ಯಶಸ್ಸು ನನ್ನ ಬಲಗಾಲಿನದು.

ಈ ಪಿಯಾನೊಗಾಗಿ ನಾನೇ ಒಂದು ಕೃತಿ ರಚಿಸಿದ್ದೇನೆ. ಹೆಸರು 'ಮಾಗಡಿ ರಸ್ತೆ, ಸಂಜೆ ಆರೂವರೆ'. ಎಡಗೈ ಟ್ರಾಫಿಕ್ಕು, ಬಲಗೈ ಅದರ ನಡುವೆ ನುಗ್ಗುವ ಸ್ಕೂಟರು. ಎಡಗೈ ಹೆಜ್ಜೆ ಹೆಜ್ಜೆಯಾಗಿ ತೆವಳುತ್ತದೆ, ಬಲಗೈ ಫುಟ್‌ಪಾತ್ ಹತ್ತಿ ಇಳಿದು, ಯಾರದೋ ಬಾಯಲ್ಲಿ ಬೈಸಿಕೊಂಡು ಮುಂದೆ ಹೋಗುತ್ತದೆ. ನಡುವೆ ಸಿಗ್ನಲ್ ಬೀಳುತ್ತದೆ. ಎಲ್ಲ ನಿಂತುಹೋಗುತ್ತದೆ. ಆಗ ಎಂಟು ಬಾರ್, ಒಂದು ಬಾರ್ ಎಂದರೆ ನಾಲ್ಕು ಎಣಿಕೆ, ಒಂದೇ ಒಂದು ರಾಗದ ಎಳೆ ಒಂಟಿಯಾಗಿ ಬರುತ್ತದೆ. ಇಡೀ ದಿನದ ಆಯಾಸ ಅಲ್ಲಿದೆ, ಮನೆಗೆ ಹೋಗುವ ಆಸೆ ಅಲ್ಲಿದೆ. ಆ ಎಂಟು ಬಾರ್ ನುಡಿಸುವಾಗ ನನಗೇ ಕಣ್ಣು ತುಂಬಿಬರುತ್ತದೆ. ಬೇರೆಯವರಿಗೆ ಇನ್ನೂ ಬಂದಿಲ್ಲ.

ವಿಷಯ ಶುರುವಾಗಿದ್ದು ವಿಜಯನಗರದ ನಮ್ಮ ಪಿಯಾನೊ ಟೀಚರ್ ಡೈಸಿ ಮಿಸ್ ಅವರಿಂದ. ಬೇಸಿಗೆ ರಜೆಯಲ್ಲಿ ನಗರದಲ್ಲಿ ಹತ್ತು ದಿನದ ಒಂದು ಶಿಬಿರ ನಡೆಯುತ್ತದಂತೆ. ಪಿಯಾನೊಗೆ ಬರೆದ ಸಂಗೀತವನ್ನು ವಾದ್ಯವೃಂದಕ್ಕೆ ಹೇಗೆ ಹೊಂದಿಸಬೇಕು ಎಂದು ದೊಡ್ಡ ದೊಡ್ಡವರು ಬಂದು ಕಲಿಸುತ್ತಾರೆ. ಕೊನೆಯ ದಿನ ನಲವತ್ತು ವಾದ್ಯದ ನಿಜವಾದ ಆರ್ಕೆಸ್ಟ್ರಾ ನಾವು ಬರೆದದ್ದನ್ನು ನುಡಿಸುತ್ತದೆ. ನಲವತ್ತು ಜನ! ನನ್ನ ಮಾಗಡಿ ರಸ್ತೆಯನ್ನು! ಅದನ್ನು ಕೇಳಿದ ದಿನದಿಂದ ನನಗೆ ಊಟ ಸೇರಲಿಲ್ಲ. ಸೇರಿತು, ಆದರೆ ರುಚಿಸಲಿಲ್ಲ. ಸೀಟುಗಳು ಹನ್ನೆರಡೇ. ಅರ್ಜಿಯ ಜೊತೆ ಒಂದು ವಿಡಿಯೊ ಕಳಿಸಬೇಕು: ಕನಿಷ್ಠ ನಾಲ್ಕು ಜನ ಜೀವಂತ ವಾದಕರು, ಅರ್ಜಿದಾರರೇ ನಿರ್ದೇಶನ, ಕಂಪ್ಯೂಟರ್ ಸದ್ದು ನಿಷಿದ್ಧ, ಒಂದೇ ಓಟದಲ್ಲಿ ಚಿತ್ರೀಕರಣ, ನಡುವೆ ಕತ್ತರಿಸುವಂತಿಲ್ಲ. ಜೊತೆಗೆ ಸ್ಕೋರನ್ನೂ, ಎಂದರೆ ಎಲ್ಲ ವಾದ್ಯಗಳಿಗೂ ಬರೆದ ಸ್ವರಲಿಪಿಯನ್ನೂ, ಕಳಿಸಬೇಕು. ಕೊನೆಯ ಗಡುವು ಅಲ್ಲಿಂದ ಮೂರನೆಯ ಭಾನುವಾರ ಸಂಜೆ ಆರು ಗಂಟೆ.

'ಮಿಸ್, ನಾಲ್ಕು ಜನಕ್ಕೆ ಹಂಚೋದು ಏನ್ ಕಷ್ಟ?' ಎಂದೆ. 'ಪ್ರಸಾದ ಹಂಚ್ದಂಗೆ ಹಂಚ್ಬಿಡ್ತೀನಿ.'

'ಹಂಚೋದಲ್ಲಮ್ಮ ಸಿಂಚನ' ಎಂದರು ಡೈಸಿ ಮಿಸ್. 'ನಿನ್ ಪೆಡಲ್ ಮಾಡ್ತಿತ್ತಲ್ಲ ಕೆಲ್ಸ, ಅದನ್ನ ಈಗ ಯಾರೋ ಒಬ್ಬ ಮನುಷ್ಯ ಮಾಡ್ಬೇಕು. ಯಾರು ಅಂತ ಮೊದ್ಲು ಯೋಚ್ನೆ ಮಾಡು.'

ಯೋಚನೆ ಮಾಡುವ ಅಗತ್ಯವೇ ಇರಲಿಲ್ಲ. ಪಶ್ಚಿಮ ಬೆಂಗಳೂರಿನಲ್ಲಿ ಹತ್ತು ಹೆಜ್ಜೆ ನಡೆದರೆ ಯಾವುದಾದರೂ ಒಂದು ವಾದ್ಯ ಕಾಲಿಗೆ ಸಿಗುತ್ತದೆ. ನಮ್ಮ ಮನೆಯೊಳಗೇ ಒಂದಿತ್ತು: ಅಜ್ಜಿ. ಅಜ್ಜಿ ಹಾವೇರಿ ಕಡೆಯವರು. ಇಲ್ಲಿಗೆ ಬಂದು ಇಪ್ಪತ್ತು ವರ್ಷವಾದರೂ ಮಾತಿನಲ್ಲಿ ಹಾವೇರಿಯಿಂದ ಒಂದು ಸ್ಟಾಪ್ ಕೂಡ ಈಚೆಗೆ ಬಂದಿಲ್ಲ. ನಮ್ಮ ಕ್ರಾಸಿನ ಅಕ್ಕನ ಬಳಗದಲ್ಲಿ ವಚನಗಳಿಗೆ ಹಾರ್ಮೋನಿಯಂ ನುಡಿಸುತ್ತಾರೆ. ಎರಡನೆಯವರು ಎದುರು ಮನೆಯ ರತ್ನಮ್ಮ ಆಂಟಿ, ನಿವೃತ್ತ ಗಣಿತದ ಮೇಡಂ, ಮೂವತ್ತು ವರ್ಷ ಸಂಗೀತ ಕಚೇರಿಗಳಲ್ಲಿ ಹಾಡುವವರ ಪಕ್ಕ ಕೂತು ಪಿಟೀಲು ನುಡಿಸಿದವರು. ಮೂರನೆಯವನು ನನ್ನ ಕ್ಲಾಸಿನ ಮಂಜ. ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅವರಪ್ಪನ ಎರಡು ಕಲ್ಯಾಣ ಮಂಟಪ ನಿಂತಿವೆ. ಎರಡರಲ್ಲೂ ರಿದಂ ಪ್ಯಾಡ್ ಬಡಿಯುವವನು ಇವನೇ. ಪ್ಯಾಡ್ ಕರೆಂಟಿನದು, ಶಿಬಿರದವರು ಒಪ್ಪುವುದಿಲ್ಲ ಎಂದಿದ್ದಕ್ಕೆ, 'ಬಿಡು ಗುರು, ತಮಟೆ ತರ್ತೀನಿ' ಎಂದ. ನಾಲ್ಕನೆಯವರು ಅಕ್ಕನ ಬಳಗದ ಒಬ್ಬರ ಅಣ್ಣ, ಚನ್ನಬಸಪ್ಪ ಅಂಕಲ್. ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿ ನಿವೃತ್ತರಾದವರು. ಕೆಂಗೇರಿ ಉಪನಗರದಿಂದ ಮೆಟ್ರೊದಲ್ಲಿ ಬರುತ್ತಿದ್ದರು. ಬಂದು ಬಾಗಿಲಲ್ಲಿ ಬೂಟು ಬಿಚ್ಚಿ, ನೇರ ನಿಂತು, 'ಗುಡ್ ಮಾರ್ನಿಂಗ್ ಮೇಡಂ' ಎಂದರು. ನಾನು ಹಿಂದೆ ತಿರುಗಿ ಅಮ್ಮ ಬಂದರೇನೋ ಎಂದು ನೋಡಿದೆ. ಅವರು ಕರೆದಿದ್ದು ನನ್ನನ್ನೇ. ಕೈ ಬೀಸುವವರು ಯಾರೇ ಆಗಲಿ, ಪೊಲೀಸ್ ಬ್ಯಾಂಡಿನಲ್ಲಿ ಅವರು ಮೇಲಧಿಕಾರಿ. ಇಡೀ ಪ್ರಕರಣದಲ್ಲಿ ನನ್ನ ಯೋಗ್ಯತೆಯನ್ನು ಸರಿಯಾಗಿ ಗುರುತಿಸಿದವರು ಅವರೊಬ್ಬರೇ.

ಮೊದಲ ಭಾನುವಾರ ಪೆಡಲ್ಲಿನಿಂದ ಜಗಳ ಶುರುವಾಯಿತು. ಪಿಯಾನೊದಲ್ಲಿ ಪೆಡಲ್ ಹಿಡಿದಿಡುತ್ತಿದ್ದ ಉದ್ದುದ್ದ ಸ್ವರಗಳನ್ನೆಲ್ಲ ನಾನು ಹಾರ್ಮೋನಿಯಂಗೆ ಕೊಟ್ಟಿದ್ದೆ. ಬಹಳ ಜಾಣತನದ ನಿರ್ಧಾರ. ಅದನ್ನು ಅಷ್ಟೇ ಜಾಣತನದಿಂದ ಅಜ್ಜಿಗೆ ವಿವರಿಸಿದೆ.

'ಅಜ್ಜಿ, ನೀವು ಇದ್ರಲ್ಲಿ ಪೆಡಲ್.'

'ಪೆಡಲ್ ಅಂದ್ರ?'

'ಕಾಲಲ್ಲಿ ತುಳಿಯೋದು.'

ಅಜ್ಜಿ ಹಾರ್ಮೋನಿಯಂನ ಗಾಳಿ ಹಾಕುವ ಬಾತೆ ಮುಚ್ಚಿದರು. 'ಎಪ್ಪತ್ತೊಂದು ವರ್ಷದಾಕಿ ನಾ. ನನ್ನ ಮಗನ್ ಮನ್ಯಾಗ, ನನ್ನ ಮೊಮ್ಮಗಳು, ನಾಕ್ ಮಂದಿ ಮುಂದ ನನಗ ಕಾಲಾಗ ತುಳಿಯೂ ಸಾಮಾನು ಅಂತಾಳಲ್ಲೋ ಯಪ್ಪಾ!' ಎಂದು, ಸ್ಟೂಲಿನ ಮೇಲೆ ನಿಂತು ಫೋನಿನಲ್ಲಿ ವಿಡಿಯೊ ಕೋನ ಅಳೆಯುತ್ತಿದ್ದ ಅಪ್ಪನಿಗೆ ದೂರು ಕೊಟ್ಟರು. ಅಪ್ಪ ಸಿವಿಲ್ ಎಂಜಿನಿಯರ್. 'ಅವ್ವಾ, ಪೆಡಲ್ ಅಂದ್ರೆ ಫೌಂಡೇಶನ್ ಇದ್ದಂಗೆ' ಎಂದರು. ಅಡಿಪಾಯವನ್ನೂ ತುಳಿದುಕೊಂಡೇ ನಿಲ್ಲುವುದು ಎಂಬ ಸತ್ಯ ಅಜ್ಜಿಗೆ ಹೊಳೆಯುವ ಮುಂಚೆ ಅಮ್ಮ ಕಾಫಿ ತಂದರು.

ಆಮೇಲೆ ನುಡಿಸಿದೆವು. ಆ ಸದ್ದನ್ನು ಹೇಗೆ ಹೇಳಲಿ? ಗ್ರೈಂಡರಿನೊಳಗೆ ಬೆಕ್ಕು, ಹೊರಗೆ ಅದರ ಬಂಧುಬಳಗ. ತಪ್ಪು ನನ್ನದಲ್ಲ. ಅಜ್ಜಿಗೂ ಆಂಟಿಗೂ ಪಾಶ್ಚಾತ್ಯ ಲಿಪಿ ಓದಲು ಬರುವುದಿಲ್ಲ ಎಂದು ನಾನು ಎರಡು ದಿನ ಕೂತು ಸ ರಿ ಗ ಮ ಎಂದು ಕನ್ನಡದಲ್ಲಿ ಬರೆದುಕೊಟ್ಟಿದ್ದೆ. ಇಬ್ಬರೂ ಅಕ್ಷರಕ್ಷರ ಸರಿಯಾಗಿಯೇ ನುಡಿಸಿದರು. ಆದರೆ ಅಜ್ಜಿಯ 'ಸ' ಹಾರ್ಮೋನಿಯಂನ ಎರಡನೆಯ ಕರಿ ಕೀಲಿ, ಕರಿ ಎರಡರ ಮೇಲೆ, ಆಂಟಿಯ 'ಸ' ಬಿಳಿ ಐದರ ಮೇಲೆ. ಒಂದೇ ರಸ್ತೆಯ ಎರಡು ಮನೆ, ಎರಡು 'ಸ'. ಮಂಜ ತಮಟೆ ಕೆಳಗಿಟ್ಟು, 'ಗುರು, ಇದು ಆಕ್ಸಿಡೆಂಟ್ ಸೀನಾ?' ಎಂದು ಭಕ್ತಿಯಿಂದ ಕೇಳಿದ. 'ಸ' ಬದಲಾಯಿಸಿ ಎಂದು ಕೇಳುವುದು ಮನೆದೇವರನ್ನು ಬದಲಾಯಿಸಿ ಎಂದು ಕೇಳಿದಂತೆ. ಮುಕ್ಕಾಲು ಗಂಟೆ ಮಾತುಕತೆಯಾಗಿ, ಮನೆಯೂ ಕಾಫಿಯೂ ಅಜ್ಜಿಯದಾದ್ದರಿಂದ ಆಂಟಿ ತಂತಿ ಇಳಿಸಿಕೊಂಡರು.

ಉಳಿದದ್ದು ಚನ್ನಬಸಪ್ಪ ಅಂಕಲ್. ಪಾಶ್ಚಾತ್ಯ ಲಿಪಿ ಓದಬಲ್ಲ ಅವರದು ಮಾತ್ರ ಮೊದಲ ಸಲಕ್ಕೇ ಚೊಕ್ಕವಾಗಿತ್ತು. 'ನೋಡಿ, ಸರಿಯಾಗಿ ಬರ್ಕೊಟ್ರೆ ಸರಿಯಾಗಿ ನುಡ್ಸ್ಬೋದು' ಎಂದು ನಾನು ಅಜ್ಜಿ, ಆಂಟಿ ಇಬ್ಬರಿಗೂ ಒಂದು ಸಣ್ಣ ಭಾಷಣ ಮಾಡಿದೆ. ಕಾಫಿ ಲೋಟ ಕೊಡುವಾಗ ಅವರು ದನಿ ತಗ್ಗಿಸಿ, 'ಮೇಡಂ, ಕ್ಲಾರಿನೆಟ್ಟು ಬರೆದಿದ್ದಕ್ಕಿಂತ ಒಂದು ಮೆಟ್ಲು ಕೆಳಗೆ ಕೇಳುತ್ತೆ. ಬರೆಯೋರು ಒಂದು ಮೆಟ್ಲು ಮೇಲೆ ಬರೀಬೇಕು. ನೀವು ಬರೆದಿಲ್ಲ. ನಾನು ಮನಸ್ಸಲ್ಲೇ ಏರಿಸ್ಕೊಂಡು ಊದ್ದೆ. ಯಾರಿಗೂ ಹೇಳಿಲ್ಲ' ಎಂದರು. ನಾನು ಗಂಭೀರವಾಗಿ ತಲೆಯಾಡಿಸಿ, 'ಗೊತ್ತಾಗುತ್ತಾ ಅಂತ ಟೆಸ್ಟ್ ಮಾಡ್ದೆ ಅಂಕಲ್' ಎಂದೆ. 'ಯೆಸ್ ಮೇಡಂ' ಎಂದರು. ಶಿಸ್ತು ಎಂದರೆ ಅದು.

ಎರಡನೆಯ ಭಾನುವಾರ ಸಿಗ್ನಲ್ಲಿಗೆ ಬಂದೆವು. ಒಂಟಿ ಎಳೆಯ ಎಂಟು ಬಾರ್‌ಗಳನ್ನು ಕ್ಲಾರಿನೆಟ್ಟಿಗೆ ಕೊಟ್ಟಿದ್ದೆ. ಉಳಿದ ಮೂವರ ಹಾಳೆಯಲ್ಲಿ ದೊಡ್ಡದಾಗಿ, ಕೆಂಪು ಇಂಕಿನಲ್ಲಿ, 'ಕ್ಲಾರಿನೆಟ್ ಬಿಟ್ಟು ಉಳಿದವರೆಲ್ಲ ಸುಮ್ಮನಿರಿ' ಎಂದು ಬರೆದಿದ್ದೆ. ಇದಕ್ಕಿಂತ ಸರಳವಾದ ಕನ್ನಡ ವಾಕ್ಯ ನನಗೆ ಗೊತ್ತಿಲ್ಲ. ಒಂದನೇ ಕ್ಲಾಸಿನ ಗೋಡೆಯ ಮೇಲೆ ಬರೆದಿರುತ್ತಾರೆ.

ಕ್ಲಾರಿನೆಟ್ ಶುರುವಾಯಿತು. ಎರಡೇ ಎಣಿಕೆ. ಅರ್ಧ ಎಣಿಕೆ ತಡವಾಗಿ ಅದರ ಬೆನ್ನ ಹಿಂದೆ ಮೆಲ್ಲಗೆ ಪಿಟೀಲು ಹೊರಟಿತು, ಮದುವೆ ಮನೆಯಲ್ಲಿ ಸೀರೆಯ ಸೆರಗು ಹಿಡಿದು ಹೊರಟ ಮಗುವಿನಂತೆ. ಕ್ಲಾರಿನೆಟ್ ಏರಿದರೆ ಏರಿತು, ಇಳಿದರೆ ಇಳಿಯಿತು. ಪಿಟೀಲಿನ ಹಿಂದೆ ಹಾರ್ಮೋನಿಯಂ. ಹಾರ್ಮೋನಿಯಂನ ಹಿಂದೆ, ನಾನೇನು ಕಮ್ಮಿ ಎಂದು, ತಮಟೆ.

'ಸ್ಟಾಪ್! ಆಂಟಿ, ನಿಮ್ಗಲ್ಲಿ ಏನೂ ಬರ್ದಿಲ್ಲ!'

'ಗೊತ್ತು ಕಣಮ್ಮ. ಬರ್ದಿಲ್ಲ ಅಂತಾನೇ ಅವ್ರನ್ನ ನೋಡ್ಕೊಂಡು ನುಡಿಸ್ದೆ.'

'ಸುಮ್ನಿರಿ ಅಂತ ಬರ್ದಿದೀನಲ್ಲ.'

ರತ್ನಮ್ಮ ಆಂಟಿ ಕನ್ನಡಕ ತೆಗೆದರು. ಗಣಿತದ ಮೇಡಂ ಕನ್ನಡಕ ತೆಗೆದರೆ ಇಡೀ ಬಸವೇಶ್ವರನಗರ ಇವತ್ತಿಗೂ ನೆಟ್ಟಗೆ ಕೂರುತ್ತದೆ. 'ನೋಡು ಸಿಂಚನ. ಮೂವತ್ತು ವರ್ಷ ಪಕ್ಕವಾದ್ಯ ನುಡ್ಸಿದೀನಿ. ಒಬ್ರು ರಾಗ ಎತ್ಕೊಂಡಾಗ ನೆರಳಿನ ಥರ ಹಿಂದೆ ಹೋಗೋದು ನಮ್ ಧರ್ಮ. ಅವ್ರು ಹಾಡ್ತಾ ಇದ್ರೆ ನಾವು ಕಮಾನು ಕೆಳಗಿಟ್ಕೊಂಡು ಮಿಕಮಿಕ ನೋಡ್ತಾ ಕೂತ್ರೆ ಅದರರ್ಥ ಏನ್ ಗೊತ್ತಾ? ನಿಮ್ ಸಂಗೀತ ನಮ್ಗೆ ಹಿಡಿಸ್ಲಿಲ್ಲ ಅಂತ. ಜಗಳ ಆಡ್ದಂಗೆ. ನಾನ್ಯಾಕಮ್ಮ ಚನ್ನಬಸಪ್ಪನೋರ ಜೊತೆ ಜಗಳ ಆಡ್ಲಿ, ಪಾಪ?'

'ಹೌದಲ್ಲ ಮತ್ತ' ಎಂದರು ಅಜ್ಜಿ. 'ಒಬ್ಬ ಮನಷ್ಯಾ ಕಷ್ಟಪಟ್ಟು ಊದಾಕತ್ತಾನ, ಮೂರ್ ಮಂದಿ ಕೈ ಕಟ್ಕೊಂಡು ಕುಂದ್ರೂದು ಯಾವೂರ ಪದ್ಧತಿ?'

'ಅಜ್ಜಿ, ಅದು ಸಿಗ್ನಲ್! ಟ್ರಾಫಿಕ್ ನಿಂತಿದೆ!'

'ಸಿಗ್ನಲ್‌ನ್ಯಾಗ ಯಾರವ್ವಾ ಸುಮ್ನ ನಿಂದಿರ್ತಾರ? ಆವಾಗನ ಹೆಚ್ಚು ಹಾರನ್ ಹೊಡಿಯೂದು.'

'ಪಾಯಿಂಟು' ಎಂದ ಮಂಜ.

ಈ ವಾದ ಸರಿಯಾಗಿತ್ತು. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ನಾನು ಚನ್ನಬಸಪ್ಪ ಅಂಕಲ್ ಕಡೆ ತಿರುಗಿ, 'ಅಂಕಲ್, ನೀವೇ ಹೇಳಿ, ನಿಮ್ಗೆ ಇವರೆಲ್ಲ ಹಿಂದೆ ಬರೋದು ತೊಂದ್ರೆ ತಾನೆ?' ಎಂದು ಕೇಳಿದೆ. ಅವರು ಕ್ಲಾರಿನೆಟ್ಟಿನ ಬಾಯನ್ನು ಕರ್ಚೀಫಿನಿಂದ ಒರೆಸಿದರು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದರು. 'ಮೇಡಂ, ನಾನು ಬ್ಯಾಂಡಲ್ಲಿ ಎರಡನೇ ಸಾಲು. ಪಕ್ಕದಲ್ಲಿ ಇಬ್ರು, ಮುಂದೆ ಮೂವರು, ಹಿಂದೆ ಡ್ರಮ್ಮು. ಸರ್ವಿಸ್ ಪೂರ್ತಿ ಒಬ್ನೇ ಊದಿದ್ದು ಒಂದಿನಾನೂ ಇಲ್ಲ. ಇವರು ಬಂದ್ರೆ... ಸ್ವಲ್ಪ ಧೈರ್ಯ' ಎಂದರು. ಆಂಟಿ ನನ್ನ ಕಡೆ ನೋಡಿದರು. ಆ ನೋಟದಲ್ಲಿ 'ಸಾಬೀತಾಯಿತು' ಎಂದು ಬರೆದಿತ್ತು.

ನನ್ನ ಮನಸ್ಸು ಕರಗಿತು ಎಂದು ನೀವು ತಿಳಿದರೆ ನಿಮಗೆ ಕಲಾವಿದರ ಬಗ್ಗೆ ಏನೂ ಗೊತ್ತಿಲ್ಲ. ಹನ್ನೆರಡೇ ಸೀಟು ಇರುವಾಗ ಕಲಾವಿದರ ಮನಸ್ಸು ಕರಗುವುದಿಲ್ಲ. ಎಲ್ಲರೂ ಎಲ್ಲ ಹೊತ್ತೂ ನುಡಿಸಿದರೆ ಅದು ವಾದ್ಯವೃಂದವೂ ಅಲ್ಲ, ಅರೇಂಜ್‌ಮೆಂಟೂ ಅಲ್ಲ, ಭಜನೆ. ಡೈಸಿ ಮಿಸ್ ಕೂಡ ಹಾಗೇ ಹೇಳಿದ್ದರು: ಪಿಯಾನೊದಲ್ಲಿ ಒಂದು ಕೈ ಸುಮ್ಮನಿದ್ದರೆ ಯಾರೂ ಗಮನಿಸುವುದಿಲ್ಲ, ವೃಂದದಲ್ಲಿ ಯಾರು ಸುಮ್ಮನಿದ್ದಾರೆ ಎಂಬುದೇ ಸಂಗೀತ. ನಾನು ಉಪಾಯಗಳಿಗೆ ಇಳಿದೆ. ಆಂಟಿಯ ಕಮಾನನ್ನು ಆ ಎಂಟು ಬಾರ್ ಮಟ್ಟಿಗೆ ಸೋಫಾದ ಮೇಲೆ ಇಡಿಸಿದೆ. ಅವರು ಬೆರಳಿನಿಂದ ತಂತಿ ಮೀಟಿ ಹಿಂಬಾಲಿಸಿದರು. ಅಜ್ಜಿಗೆ ಬಾತೆ ಒತ್ತಬೇಡಿ ಎಂದೆ; ಒಳಗೆ ಉಳಿದಿದ್ದ ಗಾಳಿಯಲ್ಲೇ ನಾಲ್ಕು ಬಾರ್ ಸಾಗಿಸಿದರು. ಮಂಜನ ತಮಟೆ ಕಿತ್ತುಕೊಂಡೆ, ತೊಡೆ ಬಡಿದ.

ಕೊನೆಗೆ ನನ್ನ ಪ್ರತಿಭೆ ಕೆಲಸ ಮಾಡಿತು. ಕೈ ಖಾಲಿ ಇರುವುದರಿಂದಲ್ಲವೇ ಇಷ್ಟೆಲ್ಲ? ಸಿಗ್ನಲ್ ಬಿದ್ದ ಕೂಡಲೇ ಅಮ್ಮ ಒಳಗಿನಿಂದ ಬಂದು ಮೂವರ ಎರಡೂ ಕೈಗೆ ಒಂದೊಂದು ಚಕ್ಕುಲಿ ಇಟ್ಟು ಹೋಗುವುದು ಎಂದು ವ್ಯವಸ್ಥೆ ಮಾಡಿದೆ. ಕೈಯಲ್ಲಿ ಚಕ್ಕುಲಿ ಇದ್ದವರು ಪಿಟೀಲು ಮುಟ್ಟಲಾರರು, ಎಣ್ಣೆ ಹತ್ತುತ್ತದೆ. ಅದ್ಭುತವಾಗಿ ನಡೆಯಿತು. ಪಿಟೀಲಿಲ್ಲ, ಹಾರ್ಮೋನಿಯಂ ಇಲ್ಲ, ತಮಟೆ ಇಲ್ಲ. ಕ್ಲಾರಿನೆಟ್ ಒಂದೇ ನಡುಗುತ್ತ ನಡುಗುತ್ತ ಮೇಲೇರಿತು. ನಾನು ಕಣ್ಣು ಮುಚ್ಚಿ ಕೈ ಬೀಸಿದೆ. ಆಗ, ಸರಿಯಾಗಿ ಮೂರನೆಯ ಬಾರಿನಲ್ಲಿ, 'ಕಟಂ' ಎಂದಿತು. ಅಜ್ಜಿಯ ಚಕ್ಕುಲಿ. ಅದರ ಹಿಂದೆ ಅರ್ಧ ಎಣಿಕೆ ತಡವಾಗಿ ಆಂಟಿಯದು. ಮಂಜನದು ತಾಳಕ್ಕೆ ಸರಿಯಾಗಿ, ಎಣಿಕೆಗೆ ಒಂದು. ಆ ವಿಡಿಯೊ ನನ್ನ ಫೋನಿನಲ್ಲಿ ಇನ್ನೂ ಇದೆ. ಕ್ಲಾರಿನೆಟ್ಟಿಗೆ ಚಕ್ಕುಲಿಗಳ ಪಕ್ಕವಾದ್ಯ ಪ್ರಪಂಚದಲ್ಲಿ ಇದೇ ಮೊದಲಿರಬೇಕು.

ನಾನು ಸ್ಕೋರನ್ನು ಸೋಫಾದ ಮೇಲೆ ಎಸೆದೆ. ನಾನು ಅತ್ತುಬಿಟ್ಟೆ ಎಂದು ಅಮ್ಮ ಹೇಳುತ್ತಾರೆ; ನಾನು ಅತ್ತಿಲ್ಲ, ಜೋರಾಗಿ ಮೂಗು ಸೀಟಿದೆ. 'ನಿಮ್ಗೆಲ್ಲ ತಮಾಷೆ. ಮುಂದಿನ್ ಭಾನ್ವಾರ ಆರು ಗಂಟೆಗೆ ಮುಗೀತು. ನಲ್ವತ್ತು ಜನ ನನ್ ಮ್ಯೂಸಿಕ್ ನುಡ್ಸೋದು ಈ ಜನ್ಮದಲ್ಲಿ ಇನ್ನೊಂದ್ಸಲ ಸಿಗುತ್ತಾ? ಮೂವತ್ತೆರಡು ಸೆಕೆಂಡ್ ಕೇಳಿದ್ದು ನಾನು, ಕಿಡ್ನಿ ಕೇಳ್ಲಿಲ್ಲ!' ಎಂದು ಕೂಗಿದೆ. ಹಾಲ್ ಗಪ್ಪನೆ ನಿಶ್ಶಬ್ದವಾಯಿತು. ಆ ನಿಶ್ಶಬ್ದ ಸುಮಾರು ಎಂಟು ಬಾರ್ ಇತ್ತು. ಬೇಡದಾಗ ಎಷ್ಟು ಚೆನ್ನಾಗಿ ಸುಮ್ಮನಿರುತ್ತಾರೆ ನೋಡಿ!

ಅಜ್ಜಿ ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಕೈಗೆ ಚಕ್ಕುಲಿಯ ಎಣ್ಣೆಯಿತ್ತು, ಅದನ್ನು ಒರೆಸಿಕೊಂಡರೋ ಸಮಾಧಾನ ಮಾಡಿದರೋ ಇವತ್ತಿಗೂ ಗೊತ್ತಿಲ್ಲ. 'ಆತ್ ಬಿಡವ್ವಾ. ಮುಂದಿನ ಆಯ್ತವಾರ ಸುಮ್ನಿರ್ತೀವಿ. ಲಿಂಗದಾಣಿ' ಎಂದರು. ಲಿಂಗ ಮುಟ್ಟಿ ಆಣೆ ಮಾಡಿದ ಮೇಲೆ ಅಜ್ಜಿ ತಪ್ಪುವುದಿಲ್ಲ. ಆಂಟಿ ಮಾತ್ರ ಚನ್ನಬಸಪ್ಪ ಅಂಕಲ್ ಮುಂದೆ ನಿಂತು, 'ನಾನು ಸುಮ್ನಿದ್ರೆ ತಪ್ ತಿಳ್ಕೋಬೇಡಿ ಸಾರ್. ಈ ಹುಡ್ಗಿ ಹೇಳಿದ್ದಕ್ಕೆ' ಎಂದು ಮುಂಗಡವಾಗಿ ಕ್ಷಮೆ ಕೇಳಿಕೊಂಡರು.

ಮೂರನೆಯ ಭಾನುವಾರ ಮಧ್ಯಾಹ್ನ ಮೂರಕ್ಕೇ ಎಲ್ಲ ಸೇರಿದರು. ಮೊದಲ ಸಲ ಶೂಟಿಂಗ್ ಶುರುವಾದಾಗ ಹೊರಗೆ ತರಕಾರಿ ಗಾಡಿಯವನು ತನ್ನ ರೆಕಾರ್ಡ್ ಮಾಡಿದ ಟೊಮೆಟೊ ಈರುಳ್ಳಿಯ ಕೂಗನ್ನು ಹಾಕಿಕೊಂಡು ನಮ್ಮ ಗೇಟಿನ ಮುಂದೆಯೇ ನಿಂತ. ಎರಡನೆಯ ಸಲ ಅಪ್ಪ ರೆಕಾರ್ಡ್ ಬಟನ್ ಒತ್ತುವುದನ್ನೇ ಮರೆತು, ನಾಲ್ಕು ನಿಮಿಷ ಬಹಳ ಏಕಾಗ್ರತೆಯಿಂದ ಫೋನ್ ಹಿಡಿದು ನಿಂತಿದ್ದರು. ಮೂರನೆಯ ಸಲ ಮಂಜನ ತಮಟೆ ಸಡಿಲವಾಗಿ, ಅದನ್ನು ಗ್ಯಾಸ್ ಒಲೆಯ ಮೇಲೆ ಕಾಯಿಸಬೇಕಾಯಿತು. ಅಮ್ಮನ ಹಾಲು ಅದಕ್ಕಾಗಿ ಕೆಳಗಿಳಿಯಿತು. ಹಾಗೆ ಐದು ಇಪ್ಪತ್ತಾಯಿತು. ಕಳಿಸಲು ಬೇಕಾದ ಸಮಯ ಲೆಕ್ಕ ಹಾಕಿದರೆ ಇನ್ನೊಂದೇ ಅವಕಾಶ.

ಶುರು ಮಾಡಿದೆವು. ನನ್ನ ಸಿಟ್ಟನ್ನು ಬದಿಗಿಟ್ಟು ಹೇಳುತ್ತೇನೆ, ಚೆನ್ನಾಗಿತ್ತು. ತಮಟೆಯ ಮೇಲೆ ಟ್ರಾಫಿಕ್ ತೆವಳಿತು, ಪಿಟೀಲಿನ ಸ್ಕೂಟರ್ ಫುಟ್‌ಪಾತ್ ಹತ್ತಿತು, ಅಜ್ಜಿಯ ಹಾರ್ಮೋನಿಯಂ ಎಲ್ಲವನ್ನೂ ಹೊಗೆಯ ಹಾಗೆ ಹಿಡಿದಿಟ್ಟಿತು. ನನ್ನ ಬಲಗಾಲಿಗಿಂತ ಅಜ್ಜಿ ಒಳ್ಳೆಯ ಪೆಡಲ್. ಸಿಗ್ನಲ್ ಬಿತ್ತು. ನಾನು ಎಡಗೈ ಎತ್ತಿ ನಿಲ್ಲಿಸಿದೆ. ಅಜ್ಜಿ ಎರಡೂ ಕೈಯನ್ನು ಮಡಿಲಲ್ಲಿಟ್ಟು ಒಂದರೊಳಗೊಂದು ಹಿಡಿದುಕೊಂಡರು. ಆಂಟಿ ಕಮಾನು ಇಳಿಸಿ, ನೋಡಿದರೆ ನುಡಿಸಬೇಕೆನಿಸುತ್ತದೆ ಎಂದು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿಕೊಂಡರು. ಮಂಜ ಉಸಿರನ್ನೂ ನಿಲ್ಲಿಸಿದ್ದ; ಯಾರೂ ಅದನ್ನು ಕೇಳಿರಲಿಲ್ಲ.

ಕ್ಲಾರಿನೆಟ್ ಒಂದೇ ಹೊರಟಿತು. ಒಂದು ಬಾರ್. ಎರಡು. ಮೂರನೆಯದರಲ್ಲಿ ಅಂಕಲ್ ಕಣ್ಣು ಅಭ್ಯಾಸಬಲದಿಂದ ಪಕ್ಕಕ್ಕೆ ಹೊರಳಿತು. ಪಕ್ಕದಲ್ಲಿ ಯಾರೂ ಇಲ್ಲ. ಎಲ್ಲರೂ ನಾನು ಬರೆದದ್ದನ್ನು ಬರೆದ ಹಾಗೆಯೇ ಮಾಡುತ್ತಿದ್ದರು. ಸ್ವರ ಒಮ್ಮೆ ನಡುಗಿತು, ತೆಳುವಾಯಿತು, ನಿಂತೇಹೋಯಿತು. ಅವರ ಬೆರಳುಗಳು ಕೀಲಿಗಳ ಮೇಲಿದ್ದವು, ಕೆನ್ನೆ ತುಂಬಿತ್ತು, ಸದ್ದಿಲ್ಲ. ಒಂದು ಎಣಿಕೆ ಹೋಯಿತು. ಎರಡು ಹೋಯಿತು. ಅಜ್ಜಿಯ ಬೆರಳುಗಳು ಮಡಿಲಲ್ಲಿ ಬಿಳಿಚಿಕೊಂಡಿದ್ದವು. ಆಂಟಿ ಕ್ಯಾಲೆಂಡರಿನ ಏಕಾದಶಿಯನ್ನು ದಿಟ್ಟಿಸುತ್ತಿದ್ದರು. ಅಂಕಲ್ ನನ್ನ ಕಡೆ ನೋಡಿದರು. ಯಾರೂ ಇಲ್ಲದ ಮೇಲೆ ಇನ್ನೆಲ್ಲಿ ನೋಡುತ್ತಾರೆ?

ಆಗ ಆ ಹಾಲ್‌ನಲ್ಲಿ ಒಂದು ಧ್ವನಿ ಎದ್ದಿತು. ಒರಟು ಧ್ವನಿ, ಅರ್ಧ ಸ್ವರ ಕೆಳಗೆ, ನೆಗಡಿಯಾದವರ ಹಾಗೆ. ಅದು ಕ್ಲಾರಿನೆಟ್ ಬಿಟ್ಟ ಎಳೆಯನ್ನು ಹಿಡಿದುಕೊಂಡು 'ನ ನಾ ನ' ಎಂದು ಹಾಡತೊಡಗಿತು. ಯಾರಪ್ಪ ಈ ಅಶಿಸ್ತಿನವರು ಎಂದು ಕಣ್ಣು ಕೆಂಪು ಮಾಡಿಕೊಂಡು ಸುತ್ತ ನೋಡಿದೆ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಶುರು ಮಾಡಿಯಾಗಿತ್ತು, ನಿಲ್ಲಿಸುವಂತಿರಲಿಲ್ಲ. ಹಾಡಿದೆ. ಅರ್ಧ ಎಣಿಕೆ ತಡವಾಗಿ ಕ್ಲಾರಿನೆಟ್ ಹಿಂದೆ ಬಂತು. ಅಂಕಲ್ ಎಂಥ ಮನುಷ್ಯರೆಂದರೆ, ನನ್ನ ಅಪಸ್ವರವನ್ನು ತಿದ್ದಲಿಲ್ಲ. ತಾವೇ ಅರ್ಧ ಸ್ವರ ಕೆಳಗಿಳಿದು ನನ್ನ ಜೊತೆ ನಡೆದರು. ಎಂಟು ಬಾರ್ ಮುಗಿಯುವ ಹೊತ್ತಿಗೆ ಉಪಾಯವಾಗಿ ನನ್ನನ್ನೂ ಮೇಲಕ್ಕೆ ಎತ್ತಿಕೊಂಡು ಬಂದು ಸರಿಯಾದ ಜಾಗದಲ್ಲಿ ಇಳಿಸಿದರು. ಸಿಗ್ನಲ್ ಬಿಟ್ಟಿತು, ಟ್ರಾಫಿಕ್ ಹೊರಟಿತು, ಕೃತಿ ಮುಗಿಯಿತು. ಅಪ್ಪ ಸ್ಟೂಲಿನ ಮೇಲಿಂದ, 'ಈ ಸಲ ಒತ್ತಿದ್ದೆ' ಎಂದು ಘೋಷಿಸಿದರು.

'ಸುಮ್ನಿರೋದು ಅಂದ್ರೆ ಇದೇನಾ ಮಗಾ?' ಎಂದ ಮಂಜ, ಅಷ್ಟು ಹೊತ್ತು ಹಿಡಿದಿದ್ದ ಉಸಿರನ್ನೆಲ್ಲ ಈ ಒಂದು ಪ್ರಶ್ನೆಗೆ ಖರ್ಚು ಮಾಡಿ. ಅಜ್ಜಿ ಮಡಿಲಿನಿಂದ ಕೈ ಬಿಡಿಸಿ, ಬೆರಳಿನ ಲಟಿಕೆ ಒಂದೊಂದಾಗಿ ತೆಗೆದರು, ಹತ್ತೂ.

ಆರು ಗಂಟೆಯೊಳಗೆ ವಿಡಿಯೊ ಕಳಿಸಬೇಕು. ಅದರಲ್ಲಿರುವ ಒಂದು ಧ್ವನಿ ಸ್ಕೋರಿನಲ್ಲಿಲ್ಲ. ನಾನು ಹೆದರುವವಳಲ್ಲ. ಲ್ಯಾಪ್‌ಟಾಪ್ ತೆರೆದು, ಕ್ಲಾರಿನೆಟ್ಟಿನ ಮೇಲೆ ಹೊಸದೊಂದು ಸಾಲು ಸೇರಿಸಿ, ಎಂಟು ಬಾರ್ ಮಟ್ಟಿಗೆ 'ಮಾನವ ಧ್ವನಿ: ಉದ್ದೇಶಪೂರ್ವಕವಾಗಿ ಶ್ರುತಿ ತಗ್ಗಿಸಿ, ನಗರದ ಒಂಟಿತನ ಸೂಚಿಸಲು' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸಿದೆ. ಇಷ್ಟು ಆಧುನಿಕವಾದ ಯೋಚನೆ ನನಗೆ ಮೊದಲೇ ಯಾಕೆ ಬರಲಿಲ್ಲ ಎಂದು ರಾತ್ರಿ ಊಟದ ಹೊತ್ತಿಗೆ ನನಗೇ ಆಶ್ಚರ್ಯವಾಗತೊಡಗಿತ್ತು.

ಎರಡು ವಾರದ ಮೇಲೆ ನನ್ನ ಫೋನಿಗೆ ಉತ್ತರ ಬಂತು. ಅಂದು ಅಕ್ಕನ ಬಳಗ ನಮ್ಮ ಮನೆಯಲ್ಲೇ ಇತ್ತು. ಆಂಟಿಯೂ ಇದ್ದರು, ತಂಗಿಯನ್ನು ಬಿಡಲು ಬಂದ ಚನ್ನಬಸಪ್ಪ ಅಂಕಲ್ಲೂ ಇದ್ದರು. ಎಲ್ಲರೂ ಸುತ್ತ ನಿಂತರು. ಮೊದಲ ಸಾಲು ಗಟ್ಟಿಯಾಗಿ ಓದಿದೆ: ನಿಮಗೆ ಸೀಟು ನೀಡಲು ಸಂತೋಷವಾಗುತ್ತದೆ. ಅಜ್ಜಿ ನನ್ನ ಎರಡೂ ಕೆನ್ನೆ ಹಿಡಿದು ಲಟಿಕೆ ಮುರಿದರು. ಅಮ್ಮ ಸಕ್ಕರೆ ಡಬ್ಬಿ ತರಲು ಓಡಿದರು. ಎರಡನೆಯ ಸಾಲಿನಿಂದ ಮುಂದೆ ನಾನು ಮನಸ್ಸಿನಲ್ಲೇ ಓದಿಕೊಂಡೆ. 'ನಿಮ್ಮ ಅರೇಂಜ್‌ಮೆಂಟಿನ ಅತ್ಯುತ್ತಮ ಯೋಚನೆ ನಡುವಿನ ಎಂಟು ಬಾರ್. ಕ್ಲಾರಿನೆಟ್ ಒಂದನ್ನೇ ನಂಬಿ ಉಳಿದವರನ್ನು ಸುಮ್ಮನಿರಿಸಿದ್ದೀರಿ. ನಿಮ್ಮ ವಾದಕರ ಸಂಯಮ ಅಪರೂಪದ್ದು. ಆದರೆ ಅಲ್ಲಿ ಆ ಗಾಯನವೇಕೆ? ನಿರ್ದೇಶಕರು ಮೊದಲು ಕಲಿಯಬೇಕಾದದ್ದು ಮಧ್ಯೆ ಬಾಯಿ ಹಾಕದಿರುವುದನ್ನು. ಶಿಬಿರದ ಮೊದಲ ದಿನ ಅಲ್ಲಿಂದಲೇ ಶುರು ಮಾಡೋಣ.'

ನನ್ನ ಸಿಟ್ಟು ನಿಮಗೆ ಅರ್ಥವಾಗುತ್ತದೆ ತಾನೆ? ಮೂರು ವಾರ ಗಂಟಲು ಹರಿದುಕೊಂಡು ನಾನು ಹೇಳಿದ್ದೂ ಅದನ್ನೇ! ಆ ಮಾತಿಗೆ ಹಕ್ಕುದಾರಳು ನಾನು. ಅದನ್ನು ಯಾರೋ ತಿರುಗಿಸಿ ನನಗ್ಯಾಕೆ ಹೇಳಬೇಕು?

'ಮುಂದ ಏನ್ ಬರದಾರ, ಓದು' ಎಂದರು ಅಜ್ಜಿ.

'ವಾದ್ಯದೋರು ತುಂಬಾ ಶಿಸ್ತು ಅಂತ ಹೊಗಳಿದಾರೆ ಅಜ್ಜಿ. ಅಷ್ಟೇ.'

'ನಿನ್ ಹಾಡಿನ್ ಬಗ್ಗೆ ಏನೂ ಬರ್ದಿಲ್ವಾ?' ಎಂದರು ರತ್ನಮ್ಮ ಆಂಟಿ, ಕನ್ನಡಕದ ಮೇಲಿನಿಂದ.

'ಅದ್ರ ಮೇಲೆ ಒಂದಿನ ಪೂರ್ತಿ ಚರ್ಚೆ ಇಟ್ಕೊಂಡಿದಾರೆ ಆಂಟಿ' ಎಂದೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಅಷ್ಟರಲ್ಲಿ ಫೋನು ಕೈಯಿಂದ ಕೈಗೆ ದಾಟಿ ಚನ್ನಬಸಪ್ಪ ಅಂಕಲ್ ಹತ್ತಿರ ಹೋಗಿತ್ತು. ಅವರು ಅದನ್ನು ತೋಳಿನಷ್ಟು ದೂರ ಹಿಡಿದು, ಸ್ಕೋರ್ ಓದುವ ಹಾಗೆ ಒಂದೊಂದೇ ಸಾಲು, ಕೊನೆಯವರೆಗೂ ಓದಿದರು. ತಲೆಯೆತ್ತಿ ನನ್ನನ್ನು ನೋಡಿದರು. ನಾನೂ ನೋಡಿದೆ. ಅವರ ಮೀಸೆಯ ಒಂದು ತುದಿ ಕದಲಿತು. ಹೆಬ್ಬೆರಳಿನಿಂದ ಪರದೆಯನ್ನು ಮೊದಲ ಸಾಲಿಗೆ ವಾಪಸ್ ಸರಿಸಿ, ಎಲ್ಲರಿಗೂ ಕಾಣುವಂತೆ ಅಜ್ಜಿಯ ಕೈಗೆ ಕೊಟ್ಟರು. ತುಟಿ ಬಿಚ್ಚಲಿಲ್ಲ. ನಮ್ಮ ಇಡೀ ವೃಂದದಲ್ಲಿ ನಾನು ಬರೆದ ಮೌನವನ್ನು ಕಷ್ಟವಿಲ್ಲದೆ ನುಡಿಸಬಲ್ಲವರು ಒಬ್ಬರಿದ್ದರು. ಅವರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಅದನ್ನು ಬರೆದುಕೊಟ್ಟಿದ್ದೆ.